ಕೈತೋಟದಲ್ಲಿ ಬಣ್ಣದ ಮೂಲಂಗಿ

ಮೂಲಂಗಿಯು ಕರ್ನಾಟಕದ ಎಲ್ಲ ಭಾಗಗಳಲ್ಲಿಯೂ ಬಳಕೆಯಲ್ಲಿರುವ ಗೆಡ್ಡೆ ತರಕಾರಿ. ಹುಳಿ, ಪಲ್ಯ, ಕೋಸಂಬರಿ, ಮೊಸರು ಬಜ್ಜಿಗಳಿಗೆ ಇದರ ಗೆಡ್ಡೆಯೂ, ಬಸ್ಸಾರು ಮತ್ತು ಪಲ್ಯಕ್ಕೆ ಸೊಪ್ಪೂ ಒದಗುತ್ತವೆ. ಸಂತೆಗೆ ಬರುವುದು ಬಹುಮಟ್ಟಿಗೆ ಉದ್ದನೆಯ ಬಿಳಿ ಮೂಲಂಗಿ. ಆದರೆ ಗುಂಡಗಿನ ಕೆಂಪು ಮೂಲಂಗಿ, ಗುಲಾಬಿ ಅಥವಾ ನೇರಳೆ ತಿರುಳಿನ ಮೂಲಂಗಿ, ಹೊರಗೆ ಹಸಿರಾಗಿ ಒಳಗೆ ಕಲ್ಲಂಗಡಿಯಂತೆ ಕೆಂಪಾಗಿರುವ ಮೂಲಂಗಿ, ಇವುಗಳ ಬೀಜವೂ ಈಗ ಪಟ್ಟಣಗಳ ಬೀಜದಂಗಡಿಗಳಲ್ಲಿ ಸಣ್ಣ ಪೊಟ್ಟಣಗಳಲ್ಲಿ ಸಿಗುತ್ತಿದೆ. ಪೊಟ್ಟಣದ ಮೇಲಿನ ಚಿತ್ರ ನೋಡಿ ಬೀಜ ಕೊಂಡವರು ಅನೇಕರು. ಚಿತ್ರದಲ್ಲಿರುವಂತಹ ಗೆಡ್ಡೆಯನ್ನು ತಮ್ಮ ಹಿತ್ತಲಿನಿಂದ ಕಿತ್ತವರು ಕೆಲವರು ಮಾತ್ರ.

ಸಾಮಾನ್ಯವಾಗಿ ಆಗುವುದು ಹೀಗೆ. ಮುಂಗಾರು ಮಳೆ ಬಿದ್ದೊಡನೆ ಇತರ ತರಕಾರಿಗಳ ಜೊತೆಗೆ ಮೂಲಂಗಿ ಬೀಜವನ್ನೂ ಎರಚುತ್ತಾರೆ. ಮೊಳಕೆ ಚೆನ್ನಾಗಿ ಬರುತ್ತದೆ. ಸೊಪ್ಪು ಮೊಳಕಾಲೆತ್ತರ ಬೆಳೆಯುತ್ತದೆ. ತಿಂಗಳು ಕಳೆದು ಕಿತ್ತರೆ ಪೆನ್ಸಿಲ್ ಗಾತ್ರದ ಬೇರು ಬರುತ್ತದೆ, ಇಲ್ಲವೇ ಬಿರಿದು ಬೆಂಡಾದ ಗೆಡ್ಡೆ. ಬೀಜ ಕೆಟ್ಟದ್ದೆಂದು ದೂರಿ, ಮರುವರ್ಷ ಆ ಮನೆಯವರು ಬಣ್ಣದ ಮೂಲಂಗಿಯ ಹೆಸರೆತ್ತುವುದಿಲ್ಲ. ಬಹುಪಾಲು ಸಂದರ್ಭಗಳಲ್ಲಿ ದೋಷ ಬೀಜದ್ದಲ್ಲ. ಬಿತ್ತಿದ ಕಾಲ, ಗಟ್ಟಿ ಮಣ್ಣು ಮತ್ತು ಒತ್ತಾಗಿ ಬಿಟ್ಟ ಸಸಿಗಳು ಇದಕ್ಕೆ ಕಾರಣ. ಈ ಮೂರನ್ನು ಸರಿಪಡಿಸಿಕೊಂಡರೆ ಬಣ್ಣದ ಮೂಲಂಗಿಯಷ್ಟು ಬೇಗ ಫಲ ಕೊಡುವ ತರಕಾರಿ ಬೇರೊಂದಿಲ್ಲವೆನ್ನಬಹುದು.

ಕೊಡ್ಲಿಪೇಟೆಯ ಪರಿಸ್ಥಿತಿ

ಸೋಮವಾರಪೇಟೆ ತಾಲ್ಲೂಕಿನ ಕೊಡ್ಲಿಪೇಟೆ ಹೋಬಳಿಯು ಕೊಡಗು ಜಿಲ್ಲೆಯ ಉತ್ತರದ ತುದಿಯಲ್ಲಿ, ಹಾಸನ ಜಿಲ್ಲೆಗೆ ಹೊಂದಿಕೊಂಡು, ಹೇಮಾವತಿ ನದಿಯ ಸಮೀಪದಲ್ಲಿದೆ. ಭತ್ತದ ಗದ್ದೆ, ಕಾಫಿ ತೋಟ, ಶುಂಠಿ, ಹಸಿಮೆಣಸಿನಕಾಯಿ ಇಲ್ಲಿಯ ಬೇಸಾಯದ ಮುಖ್ಯ ಅಂಗಗಳು. ಶುಂಠಿಯ ಬೆಲೆ ಒಂದು ವರ್ಷ ಏರಿ ಮತ್ತೊಂದು ವರ್ಷ ಕುಸಿಯುವುದನ್ನು ಕಂಡಿರುವ ರೈತರಿಗೆ, ಮನೆಯ ತರಕಾರಿಯನ್ನಾದರೂ ಹಿತ್ತಲಿನಲ್ಲೇ ಬೆಳೆದುಕೊಳ್ಳುವುದು ಎಷ್ಟು ಉಪಯುಕ್ತವೆಂಬುದನ್ನು ವಿವರಿಸಬೇಕಾಗಿಲ್ಲ.

ಮೂಲಂಗಿಯ ದೃಷ್ಟಿಯಿಂದ ಇಲ್ಲಿಯ ಹವಾಗುಣದಲ್ಲಿ ಅನುಕೂಲವೂ ಇದೆ, ಅನಾನುಕೂಲವೂ ಇದೆ. ಮುಂಗಾರಿನ ತಿಂಗಳುಗಳಲ್ಲಿ ಮಳೆ ಹೆಚ್ಚು, ಬಿಸಿಲು ಕಡಿಮೆ, ಮಣ್ಣು ಸದಾ ಒದ್ದೆ. ಸತತ ಮಳೆಗೆ ಸುಣ್ಣದ ಅಂಶ ತೊಳೆದುಹೋಗುವುದರಿಂದ ಮಣ್ಣು ಸಾಮಾನ್ಯವಾಗಿ ಹುಳಿಯಾಗಿರುತ್ತದೆ. ಇವು ಅನಾನುಕೂಲಗಳು. ಮಳೆ ಹಿಂದೆಗೆದ ಮೇಲೆ ಬರುವ ತಂಪು ರಾತ್ರಿ, ತಿಳಿ ಬಿಸಿಲಿನ ಹಗಲು ಈ ಬೆಳೆಗೆ ಹೇಳಿ ಮಾಡಿಸಿದಂತಿವೆ. ಬಯಲುಸೀಮೆಯವರಿಗೆ ದೊರೆಯದ ಈ ತಂಪನ್ನು ಮಲೆನಾಡಿನ ರೈತರು ಬಳಸಿಕೊಳ್ಳಬೇಕು.

ಬಣ್ಣ ಮತ್ತು ಖಾರ

ಮೂಲಂಗಿಯು ಸಾಸಿವೆ, ಎಲೆಕೋಸುಗಳ ಕುಟುಂಬಕ್ಕೆ ಸೇರಿದ ಸಸ್ಯ. ಗೆಡ್ಡೆಯ ಕೆಂಪು, ಗುಲಾಬಿ ಮತ್ತು ನೇರಳೆ ಬಣ್ಣಗಳಿಗೆ ಆಂಥೋಸಯನಿನ್ ಎಂಬ ವರ್ಣದ್ರವ್ಯಗಳು ಕಾರಣ. ನೇರಳೆ ಹಣ್ಣಿನಲ್ಲಿಯೂ, ಕೆಂಪು ಎಲೆಕೋಸಿನಲ್ಲಿಯೂ ಇರುವುದು ಇದೇ ಗುಂಪಿನ ದ್ರವ್ಯ. ಕೆಲವು ತಳಿಗಳಲ್ಲಿ ಇದು ಸಿಪ್ಪೆಗೆ ಮಾತ್ರ ಸೀಮಿತ, ಕೆಲವುಗಳಲ್ಲಿ ತಿರುಳಿನಲ್ಲಿಯೂ ಹರಡಿರುತ್ತದೆ. ತಂಪು ಹವೆಯಲ್ಲಿ ಈ ಬಣ್ಣ ಚೆನ್ನಾಗಿ ಕೂಡುತ್ತದೆ, ಸೆಕೆ ಹೆಚ್ಚಾದಂತೆ ಮಂಕಾಗುತ್ತದೆ. ಒಂದೇ ಪೊಟ್ಟಣದ ಬೀಜವು ಡಿಸೆಂಬರಿನಲ್ಲಿ ಕಡುಬಣ್ಣದ ಗೆಡ್ಡೆಯನ್ನೂ ಏಪ್ರಿಲ್‌ನಲ್ಲಿ ಪೇಲವ ಗೆಡ್ಡೆಯನ್ನೂ ಕೊಡುವುದು ಇದೇ ಕಾರಣದಿಂದ.

ಮೂಲಂಗಿಯ ಖಾರಕ್ಕೆ ಕಾರಣ ಬೇರೆ. ಗೆಡ್ಡೆಯ ಜೀವಕೋಶಗಳಲ್ಲಿ ಗಂಧಕವುಳ್ಳ ಒಂದು ದ್ರವ್ಯವೂ, ಅದನ್ನು ಒಡೆಯುವ ಒಂದು ಕಿಣ್ವವೂ ಬೇರೆ ಬೇರೆಯಾಗಿ ಇರುತ್ತವೆ. ಕೊಯ್ದಾಗ ಅಥವಾ ಅಗಿದಾಗ ಇವೆರಡೂ ಸೇರಿ, ಮೂಗಿಗೆ ಏರುವ ಸಾಸಿವೆಯಂತಹ ಘಾಟು ಹುಟ್ಟುತ್ತದೆ. ಬೇಯಿಸಿದಾಗ ಕಿಣ್ವ ನಾಶವಾಗುವುದರಿಂದ ಖಾರ ಇಳಿಯುತ್ತದೆ. ಸೆಕೆಯಲ್ಲಿ ಮತ್ತು ನೀರಿನ ಕೊರತೆಯಲ್ಲಿ ಬೆಳೆದ ಗೆಡ್ಡೆಯಲ್ಲಿ ಖಾರ ಹೆಚ್ಚು. ಮೂಲಂಗಿ ಬಾಯಿ ಉರಿಸಿದರೆ ತಳಿಯನ್ನು ದೂರುವ ಮೊದಲು ಅದನ್ನು ಬೆಳೆದ ಕಾಲವನ್ನು ನೋಡಬೇಕು.

ಸೊಪ್ಪನ್ನು ಎಸೆಯಬಾರದು. ಸುಣ್ಣದ ಅಂಶ, 'ಸಿ' ಜೀವಸತ್ವ ಮತ್ತು 'ಎ' ಜೀವಸತ್ವವಾಗಿ ಮಾರ್ಪಡುವ ಕ್ಯಾರೋಟಿನ್ ಗೆಡ್ಡೆಗಿಂತ ಸೊಪ್ಪಿನಲ್ಲಿ ಹಲವು ಪಟ್ಟು ಹೆಚ್ಚಾಗಿವೆ.

ತಳಿಗಳ ಆಯ್ಕೆ

ಬಣ್ಣದ ಮೂಲಂಗಿಗಳನ್ನು ಅವುಗಳ ಅವಧಿಗೆ ಅನುಸಾರವಾಗಿ ಎರಡು ಗುಂಪು ಮಾಡಬಹುದು.

ಅಲ್ಪಾವಧಿ ತಳಿಗಳು: ರ‍್ಯಾಪಿಡ್ ರೆಡ್ ವೈಟ್ ಟಿಪ್ಡ್ ಎಂಬುದು ಗುಂಡಗಿನ, ಹೊಳೆಯುವ ಕೆಂಪು ಸಿಪ್ಪೆಯ, ತುದಿ ಮಾತ್ರ ಬಿಳುಪಾಗಿರುವ ತಳಿ. ಬಿತ್ತಿದ 25ರಿಂದ 30 ದಿನಗಳಲ್ಲಿ ಕೀಳಲು ಬರುತ್ತದೆ. ನವದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಪೂಸಾ ಮೃದುಲಾ ಇದೇ ಜಾತಿಯ ಕೆಂಪು ಗುಂಡು ಮೂಲಂಗಿ, ಅವಧಿ ಸುಮಾರು 30 ದಿನ. ಸ್ಕಾರ್ಲೆಟ್ ಗ್ಲೋಬ್ ಕೂಡ ಈ ಗುಂಪಿನದೇ. ಇವುಗಳ ತಿರುಳು ಬಿಳಿ, ಬಣ್ಣ ಸಿಪ್ಪೆಯಲ್ಲಿ ಮಾತ್ರ.

ದೀರ್ಘಾವಧಿ ತಳಿಗಳು: ಅದೇ ಸಂಸ್ಥೆಯ ಪೂಸಾ ಗುಲಾಬಿಯ ತಿರುಳು ಗುಲಾಬಿ, ಪೂಸಾ ಜಾಮುನಿಯ ತಿರುಳು ನೇರಳೆ. ಇವು ಕೊಯ್ಲಿಗೆ ಬರಲು ಸುಮಾರು ಎರಡು ತಿಂಗಳು ಬೇಕು. ಚೀನಾ ಮೂಲದ, ಕಲ್ಲಂಗಡಿ ಮೂಲಂಗಿ ಎಂದು ಕರೆಯುವ ಹಸಿರು ಸಿಪ್ಪೆಯ ಕೆಂಪು ತಿರುಳಿನ ಜಾತಿಗೂ, ಕಪ್ಪು ಸಿಪ್ಪೆಯ ಬ್ಲಾಕ್ ಸ್ಪ್ಯಾನಿಷ್ ಜಾತಿಗೂ ಎರಡು ತಿಂಗಳು ಅಥವಾ ಅದಕ್ಕೂ ಹೆಚ್ಚು ಕಾಲ ಬೇಕು. ಚಳಿಗಾಲ ಪೂರ್ತಿ ದೊರೆಯುವಂತೆ ಮುಂಚಿತವಾಗಿ ಬಿತ್ತಿದರೆ ಮಾತ್ರ ಇವು ಕೂಡಿಬರುತ್ತವೆ.

ಹೊಸಬರು ಮೊದಲ ವರ್ಷ ಕೆಂಪು ಗುಂಡು ತಳಿಯೊಂದನ್ನು ಆರಿಸಿಕೊಳ್ಳುವುದು ಲೇಸು. ತಪ್ಪಾದರೂ ನಷ್ಟವಾಗುವುದು ಒಂದೇ ತಿಂಗಳು, ಅದೇ ಚಳಿಗಾಲದಲ್ಲಿ ತಿದ್ದಿಕೊಳ್ಳಲು ಅವಕಾಶವಿರುತ್ತದೆ. ಹೋಲಿಕೆಗಾಗಿ ಬೆಂಗಳೂರು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಬಿಳಿ ತಳಿ ಅರ್ಕಾ ನಿಶಾಂತ್ ಅನ್ನು ಪಕ್ಕದಲ್ಲಿ ಒಂದು ಸಾಲು ಬಿತ್ತಬಹುದು. ಇದು 50ರಿಂದ 55 ದಿನಗಳ ತಳಿ, ಬೇಗ ಬೆಂಡಾಗುವುದಿಲ್ಲ.

ಬೀಜ ಕೊಳ್ಳುವಾಗ ಪೊಟ್ಟಣದ ಚಿತ್ರಕ್ಕಿಂತ ಮೊದಲು ಅದರ ಹಿಂಬದಿಯನ್ನು ಓದಬೇಕು. ತಳಿಯ ಹೆಸರು, ಮೊಳಕೆಯ ಪ್ರಮಾಣ, ಪರೀಕ್ಷೆ ಮಾಡಿದ ದಿನಾಂಕ, ಅವಧಿ ಮುಗಿಯುವ ದಿನಾಂಕ ಅಲ್ಲಿರಬೇಕು. ಇವಿಲ್ಲದೆ ಹಲವು ಬಣ್ಣಗಳ ಹೆಸರಿನಲ್ಲಿ ಮಾರುವ ಬೀಜಕ್ಕೆ ಹಣ ಹಾಕಬಾರದು.

ಬಿತ್ತುವ ಕಾಲ

ಈ ಬೆಳೆಯಲ್ಲಿ ಸೋಲು ಗೆಲುವುಗಳು ಬಹುಮಟ್ಟಿಗೆ ಬಿತ್ತುವ ದಿನದಂದೇ ನಿರ್ಧಾರವಾಗುತ್ತವೆ. ಕೊಡ್ಲಿಪೇಟೆ ಸುತ್ತಮುತ್ತ ತುಲಾ ಸಂಕ್ರಮಣ ಕಳೆದ ಮೇಲೆ, ಎಂದರೆ ಅಕ್ಟೋಬರ್ ಮೂರನೆಯ ವಾರದಿಂದ ಬಿತ್ತನೆ ಆರಂಭಿಸಬಹುದು. ಎರಡು ತಿಂಗಳ ತಳಿಗಳನ್ನು ನವೆಂಬರ್ ಮುಗಿಯುವುದರೊಳಗೆ ಬಿತ್ತಿ ಮುಗಿಸಬೇಕು. ಒಂದು ತಿಂಗಳ ಕೆಂಪು ಗುಂಡು ತಳಿಗಳನ್ನು ಮಕರ ಸಂಕ್ರಾಂತಿಯವರೆಗೂ ಬಿತ್ತಬಹುದು. ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಹಿಂಗಾರಿನ ಮಳೆ, ಕೆಲವೊಮ್ಮೆ ಚಂಡಮಾರುತದ ಮಳೆ ಬರುವುದುಂಟು. ಆದುದರಿಂದ ಮೊದಲ ಬಿತ್ತನೆಗಳಿಗೆ ಏರುಮಡಿ ಕಡ್ಡಾಯ.

ಫೆಬ್ರವರಿಯ ನಂತರ ಹಗಲಿನ ಸೆಕೆ ಏರುತ್ತದೆ, ಹಗಲು ದೀರ್ಘವಾಗುತ್ತದೆ. ಗೆಡ್ಡೆ ಕೂಡುವ ಮೊದಲೇ ಹೂದಂಟು ಬರುತ್ತದೆ, ಇಲ್ಲವೇ ಗೆಡ್ಡೆ ಬೆಂಡಾಗುತ್ತದೆ. ಬೇಸಿಗೆ ಮತ್ತು ಮಳೆಗಾಲದಲ್ಲಿ ಮೂಲಂಗಿ ಬೇಕೇಬೇಕೆಂದರೆ ಬಣ್ಣದ ಆಸೆ ಬಿಟ್ಟು, ಸೆಕೆಯನ್ನು ತಾಳುವ ಬಿಳಿ ತಳಿ ಪೂಸಾ ಚೇತಕಿಯನ್ನು ಬಿತ್ತುವುದು ಉತ್ತಮ.

ಒಂದೇ ದಿನ ಇಡೀ ಮಡಿ ಬಿತ್ತುವುದು ಇನ್ನೊಂದು ಸಾಮಾನ್ಯ ತಪ್ಪು. ಕೆಂಪು ಗುಂಡು ಮೂಲಂಗಿ ಹದಕ್ಕೆ ಬಂದ ಮೇಲೆ ಮಣ್ಣಿನಲ್ಲಿ ಒಂದು ವಾರಕ್ಕಿಂತ ಹೆಚ್ಚು ಚೆನ್ನಾಗಿ ಉಳಿಯುವುದಿಲ್ಲ. ಮಡಿಯನ್ನು ನಾಲ್ಕು ಭಾಗ ಮಾಡಿ, ಹತ್ತು ದಿನಕ್ಕೊಂದು ಭಾಗದಂತೆ ಬಿತ್ತಿದರೆ ಮನೆಗೆ ಒಂದು ತಿಂಗಳಿಗೂ ಹೆಚ್ಚು ಕಾಲ ಎಳೆಯ ಗೆಡ್ಡೆ ದೊರೆಯುತ್ತದೆ.

ಜಾಗ ಮತ್ತು ಮಣ್ಣು

ದಿನಕ್ಕೆ ಕನಿಷ್ಠ ಆರು ಗಂಟೆ ಬಿಸಿಲು ಬೀಳುವ ಜಾಗ ಬೇಕು. ಕಾಫಿ ತೋಟದೊಳಗಿನ ಮನೆಗಳಲ್ಲಿ ಸಿಲ್ವರ್ ಓಕ್, ಹಲಸು ಮೊದಲಾದ ಮರಗಳ ನೆರಳು ಹಿತ್ತಲಿನ ಮೇಲೆ ಬೀಳುತ್ತಿರುತ್ತದೆ. ನೆರಳಿನಲ್ಲಿ ಎಲೆ ಉದ್ದವಾಗುತ್ತದೆ, ಗೆಡ್ಡೆ ಕೂಡುವುದಿಲ್ಲ. ಅಂತಹ ಜಾಗದಲ್ಲಿ ಸೊಪ್ಪಿಗಾಗಿ ಮಾತ್ರ ಬಿತ್ತಬಹುದು.

ಮಡಿಯು 10 ಅಡಿ ಉದ್ದ, 4 ಅಡಿ ಅಗಲ ಇದ್ದರೆ ಎರಡೂ ಬದಿಯಿಂದ ಕೈಗೆಟುಕುತ್ತದೆ. ಒಂದು ಅಡಿ ಆಳಕ್ಕೆ ಅಗೆದು, ಕಲ್ಲು, ಬೇರು, ಹೆಂಟೆಗಳನ್ನು ತೆಗೆದು, ನೆಲಮಟ್ಟದಿಂದ ಅರ್ಧ ಅಡಿ ಎತ್ತರಿಸಬೇಕು. ಬೆಳೆಯುವ ಬೇರಿನ ತುದಿಗೆ ಕಲ್ಲು ಅಡ್ಡ ಬಂದರೆ ಗೆಡ್ಡೆ ಕವಲೊಡೆಯುತ್ತದೆ. ಗುಂಡು ತಳಿಗಳಿಗೆ ಅರ್ಧ ಅಡಿ ಸಡಿಲ ಮಣ್ಣು ಸಾಕಾಗಬಹುದು, ಉದ್ದ ತಳಿಗಳಿಗೆ ಒಂದು ಅಡಿ ಬೇಕೇಬೇಕು.

ಶುಂಠಿ ಕಿತ್ತ ಮಡಿಯ ಮಣ್ಣು ಸಡಿಲವಾಗಿಯೂ ಗೊಬ್ಬರದಿಂದ ಕೂಡಿಯೂ ಇರುವುದರಿಂದ ಅದರಲ್ಲಿ ಮೂಲಂಗಿ ಬಿತ್ತುವ ಯೋಚನೆ ಸಹಜ. ಆದರೆ ಕೊಳೆರೋಗದ ಹತೋಟಿಗಾಗಿ ಶುಂಠಿ ಮಡಿಗಳಿಗೆ ಔಷಧಿ ಸುರಿದಿದ್ದರೆ, ಸೊಪ್ಪನ್ನೂ ಗೆಡ್ಡೆಯನ್ನೂ ಹಸಿಯಾಗಿ ತಿನ್ನುವ ಈ ಬೆಳೆಯನ್ನು ಅಲ್ಲಿ ಬೆಳೆಯಬಾರದು. ಎಲೆಕೋಸು, ಹೂಕೋಸು, ಸಾಸಿವೆ ಬೆಳೆದ ಮಡಿಯಲ್ಲಿಯೂ ಕೂಡಲೇ ಮೂಲಂಗಿ ಬೇಡ, ಒಂದೇ ಕುಟುಂಬದ ಬೆಳೆಗಳಾದುದರಿಂದ ಕೀಟ ಮತ್ತು ರೋಗಗಳು ಮುಂದುವರಿಯುತ್ತವೆ. ಅವರೆ, ಹುರುಳಿಕಾಯಿ, ಅಲಸಂದೆ ಬೆಳೆದ ಜಾಗ ಒಳ್ಳೆಯದು.

ಸುಣ್ಣ, ಗೊಬ್ಬರ ಮತ್ತು ಬೋರಾನ್

ಮೂಲಂಗಿಗೆ ಹೊಂದುವುದು ರಸಸಾರ 6ರಿಂದ 7ರ ನಡುವೆ ಇರುವ ಮಣ್ಣು. ಮಣ್ಣಿನ ಮಾದರಿಯನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರದ ಮೂಲಕ ಅಥವಾ ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರದ ಸಲಹೆ ಪಡೆದು ಪರೀಕ್ಷೆ ಮಾಡಿಸಬೇಕು. ಮಣ್ಣು ಹುಳಿಯೆಂದು ತಿಳಿದುಬಂದರೆ, ಬಿತ್ತುವ ಮೂರು ನಾಲ್ಕು ವಾರಗಳ ಮೊದಲು ಮೇಲೆ ಹೇಳಿದ ಅಳತೆಯ ಒಂದು ಮಡಿಗೆ ಸುಮಾರು 750 ಗ್ರಾಂ ಕೃಷಿ ಸುಣ್ಣ ಅಥವಾ ಡಾಲಮೈಟ್ ಪುಡಿಯನ್ನು ಎರಚಿ ಮಣ್ಣಿನಲ್ಲಿ ಬೆರೆಸಬೇಕು. ಪರೀಕ್ಷಾ ವರದಿಯಲ್ಲಿ ಬೇರೆ ಪ್ರಮಾಣ ಸೂಚಿಸಿದ್ದರೆ ಅದನ್ನೇ ಅನುಸರಿಸಬೇಕು.

ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಮಡಿಗೆ 8ರಿಂದ 10 ಕಿ.ಗ್ರಾಂ ಸಾಕು. ಹಸಿ ಸಗಣಿ, ಅರೆಕಳಿತ ಗೊಬ್ಬರ ಹಾಕಿದರೆ ಗೆಡ್ಡೆ ಕವಲೊಡೆಯುತ್ತದೆ, ಮೈಮೇಲೆ ಕೂದಲು ಬೇರು ಬರುತ್ತದೆ. ಹಸಿಯಾಗಿ ತಿನ್ನುವ ತರಕಾರಿಗೆ ಹಸಿ ಸಗಣಿ ಆರೋಗ್ಯದ ದೃಷ್ಟಿಯಿಂದಲೂ ತಕ್ಕುದಲ್ಲ. ರಾಸಾಯನಿಕ ಗೊಬ್ಬರ ಬಳಸುವವರು ಬಿತ್ತುವ ಮೊದಲು ಮಡಿಗೆ 90 ಗ್ರಾಂ ಸೂಪರ್ ಫಾಸ್ಫೇಟ್, 25 ಗ್ರಾಂ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಮತ್ತು 20 ಗ್ರಾಂ ಯೂರಿಯಾ ಸೇರಿಸಬಹುದು. ಎರಡು ತಿಂಗಳ ತಳಿಗಳಿಗೆ ಮಾತ್ರ, ಬಿತ್ತಿದ ಮೂರು ವಾರಗಳ ನಂತರ ಇನ್ನೂ 20 ಗ್ರಾಂ ಯೂರಿಯಾವನ್ನು ಸಾಲುಗಳ ನಡುವೆ ಕೊಟ್ಟು ನೀರು ಹಾಯಿಸಬೇಕು. ಕೆಂಪು ಗುಂಡು ತಳಿಗಳಿಗೆ ಮೇಲುಗೊಬ್ಬರ ಬೇಡ. ಸೊಪ್ಪು ಹಸಿರಾಗಿ ಹುಲುಸಾಗಿ ಕಂಡಿತೆಂದು ಮತ್ತೆ ಮತ್ತೆ ಯೂರಿಯಾ ಹಾಕುವುದು ಗೆಡ್ಡೆಯನ್ನು ಕಳೆದುಕೊಳ್ಳುವ ದಾರಿ. ಸಾರಜನಕ ಹೆಚ್ಚಾದರೆ ಗಿಡದ ಶಕ್ತಿಯೆಲ್ಲ ಎಲೆಗೆ ಹೋಗುತ್ತದೆ.

ಒಲೆಯ ಬೂದಿ ಪೊಟ್ಯಾಷ್ ಒದಗಿಸುವುದಲ್ಲದೆ ಹುಳಿಯನ್ನೂ ಸ್ವಲ್ಪ ಕಡಿಮೆ ಮಾಡುತ್ತದೆ. ಆದರೆ ಬೂದಿಯನ್ನಾಗಲಿ ಸುಣ್ಣವನ್ನಾಗಲಿ ಯೂರಿಯಾ ಜೊತೆ ಬೆರೆಸಬಾರದು, ಸಾರಜನಕ ಅನಿಲವಾಗಿ ಹಾರಿಹೋಗುತ್ತದೆ.

ಗೆಡ್ಡೆ ಕೊಯ್ದಾಗ ಒಳಗೆ ಕಂದು ಕಲೆ ಕಂಡರೆ, ಸಿಪ್ಪೆ ಒರಟಾಗಿ ಬಿರುಕು ಬಿಟ್ಟರೆ ಬೋರಾನ್ ಕೊರತೆಯಿರಬಹುದು. ಹೆಚ್ಚು ಮಳೆ ಬೀಳುವ ಪ್ರದೇಶಗಳ ಮಣ್ಣಿನಲ್ಲಿ ಇದು ಅಸಾಮಾನ್ಯವಲ್ಲ. ಮಡಿಗೆ 4 ಗ್ರಾಂ, ಎಂದರೆ ಮಟ್ಟಸವಾದ ಒಂದು ಚಹಾ ಚಮಚ ಬೋರಾಕ್ಸ್ ಪುಡಿಯನ್ನು ಒಂದು ಕ್ಯಾನ್ ನೀರಿನಲ್ಲಿ ಕರಗಿಸಿ, ಬಿತ್ತುವ ಮೊದಲು ಮಡಿಯ ಮೇಲೆಲ್ಲ ಸಮನಾಗಿ ಚಿಮುಕಿಸಬೇಕು. ಇದಕ್ಕಿಂತ ಹೆಚ್ಚು ಹಾಕಿದರೆ ಬೋರಾನ್ ವಿಷವಾಗುತ್ತದೆ.

ಬಿತ್ತನೆ ಮತ್ತು ಸಸಿ ತೆಳುಗೊಳಿಸುವುದು

ಮೂಲಂಗಿಯನ್ನು ನೇರವಾಗಿ ಮಡಿಯಲ್ಲಿಯೇ ಬಿತ್ತಬೇಕು. ಸಸಿ ಕಿತ್ತು ನೆಟ್ಟರೆ ತಾಯಿಬೇರು ಮುರಿದು ಗೆಡ್ಡೆ ವಿಕಾರವಾಗುತ್ತದೆ. ಒಂದು ಗ್ರಾಂ ಬೀಜದಲ್ಲಿ ಸುಮಾರು ನೂರು ಕಾಳುಗಳಿರುತ್ತವೆ. ಕೆಂಪು ಗುಂಡು ತಳಿಯನ್ನು ಸಾಲಿನಿಂದ ಸಾಲಿಗೆ ಅರ್ಧ ಅಡಿ ಅಂತರದಲ್ಲಿ ಬಿತ್ತುವುದಾದರೆ ಒಂದು ಮಡಿಗೆ 5ರಿಂದ 6 ಗ್ರಾಂ ಬೀಜ ಸಾಕು. ದೊಡ್ಡ ಗೆಡ್ಡೆಯ ತಳಿಗಳನ್ನು ಒಂದು ಅಡಿ ಅಂತರದ ಸಾಲುಗಳಲ್ಲಿ ಬಿತ್ತಲು 3 ಗ್ರಾಂ ಸಾಕು. ಕಡ್ಡಿಯಿಂದ ಅರ್ಧ ಅಂಗುಲ ಆಳದ ಗೆರೆ ಎಳೆದು, ಬೀಜವನ್ನು ಒಂದೊಂದಾಗಿ ಉದುರಿಸಿ, ಮೆತ್ತನೆಯ ಮಣ್ಣು ಮುಚ್ಚಿ, ಅಂಗೈಯಿಂದ ಒತ್ತಿ, ರೋಸ್‌ಕ್ಯಾನಿನಿಂದ ನೀರು ಕೊಡಬೇಕು. ಕೋಳಿಗಳು ಕೆದಕದಂತೆ ಮಡಿಯ ಮೇಲೆ ಒಣ ಟೊಂಗೆಗಳನ್ನು ಹರಡಬಹುದು. ನಾಲ್ಕರಿಂದ ಆರು ದಿನಗಳಲ್ಲಿ ಮೊಳಕೆ ಕಾಣುತ್ತದೆ.

ಮೊಳಕೆಯಾದ ವಾರದೊಳಗೆ ಮಾಡಬೇಕಾದ ಅತಿ ಮುಖ್ಯ ಕೆಲಸ, ಒತ್ತಾದ ಸಸಿಗಳನ್ನು ಕಿತ್ತು ತೆಳುಗೊಳಿಸುವುದು. ಇದು ಅನೇಕರಿಗೆ ಮನಸ್ಸಿಗೆ ಒಗ್ಗದ ಕೆಲಸ. ಚೆನ್ನಾಗಿ ಬಂದ ಸಸಿಯನ್ನು ಕೀಳುವುದೇಕೆಂದು ಬಿಟ್ಟುಬಿಡುತ್ತಾರೆ. ಬಿಟ್ಟ ಸಸಿಗಳು ಒಂದನ್ನೊಂದು ತಳ್ಳುತ್ತ ಎತ್ತರಕ್ಕೆ ಬೆಳೆಯುತ್ತವೆಯೇ ಹೊರತು ಯಾವುದರ ಬೇರೂ ದಪ್ಪವಾಗುವುದಿಲ್ಲ. ಕೆಂಪು ಗುಂಡು ತಳಿಯಲ್ಲಿ ಗಿಡದಿಂದ ಗಿಡಕ್ಕೆ 2 ಅಂಗುಲ, ದೊಡ್ಡ ತಳಿಗಳಲ್ಲಿ 4 ಅಂಗುಲ ಅಂತರ ಉಳಿಸಬೇಕು. ಕಿತ್ತ ಎಳೆಯ ಸಸಿಗಳು ವ್ಯರ್ಥವಲ್ಲ, ಬಸ್ಸಾರಿಗೂ ಪಲ್ಯಕ್ಕೂ ಅತ್ಯುತ್ತಮ ಸೊಪ್ಪು. ಮೊದಲ ಕೊಯ್ಲೆಂದು ತಿಳಿದು ಕಿತ್ತರೆ ಮನಸ್ಸಿಗೂ ಸಮಾಧಾನ.

ಹೀಗೆ ಅಂತರ ಕೊಟ್ಟಾಗ ಒಂದು ಮಡಿಯಲ್ಲಿ ಕೆಂಪು ಗುಂಡು ತಳಿಯ ಸುಮಾರು 400 ಗಿಡಗಳು ನಿಲ್ಲುತ್ತವೆ. ಅವುಗಳಲ್ಲಿ 300 ಗಿಡ ಚೆನ್ನಾಗಿ ಕೂಡಿ, ಗೆಡ್ಡೆಯೊಂದು 15ರಿಂದ 20 ಗ್ರಾಂ ತೂಗಿದರೂ ನಾಲ್ಕೂವರೆಯಿಂದ ಆರು ಕಿ.ಗ್ರಾಂ ಫಸಲಾಯಿತು.

ನೀರು ಮತ್ತು ಕಳೆ

ಮಣ್ಣು ಒಂದೇ ಸಮನೆ ತೇವವಾಗಿರಬೇಕು. ನಾಲ್ಕು ದಿನ ಒಣಗಿಸಿ ಐದನೆಯ ದಿನ ಧಾರಾಳ ನೀರು ಕೊಟ್ಟರೆ, ಒಳಗಿನ ತಿರುಳು ಒಮ್ಮೆಲೇ ಉಬ್ಬಿ ಗೆಡ್ಡೆ ಸೀಳುತ್ತದೆ. ಚಳಿಗಾಲದಲ್ಲಿ ಎರಡು ಮೂರು ದಿನಕ್ಕೊಮ್ಮೆ ನೀರು ಸಾಕು. ಬೆರಳು ಊರಿ ನೋಡಿ ಒಂದು ಅಂಗುಲ ಕೆಳಗೆ ತೇವವಿದ್ದರೆ ಆ ದಿನ ನೀರು ಬೇಡ. ಮಂಜು ಬೀಳುವ ದಿನಗಳಲ್ಲಿ ಎಲೆ ರಾತ್ರಿಯೆಲ್ಲ ಒದ್ದೆಯಿರುವುದರಿಂದ ಸಂಜೆ ನೀರು ಕೊಡದೆ ಬೆಳಿಗ್ಗೆ ಕೊಡಬೇಕು. ಸಾಲುಗಳ ನಡುವೆ ಭತ್ತದ ಹುಲ್ಲನ್ನು ತೆಳುವಾಗಿ ಹೊದಿಸಿದರೆ ತೇವ ಉಳಿಯುತ್ತದೆ, ಕಳೆಯೂ ಕಡಿಮೆ.

ಬಿತ್ತಿದ ಎರಡು ವಾರಗಳಿಗೆ ಒಮ್ಮೆ ಕಳೆ ತೆಗೆದು, ಮೇಲಕ್ಕೆ ಎದ್ದು ಕಾಣುವ ಗೆಡ್ಡೆಯ ಹೆಗಲಿಗೆ ಮಣ್ಣು ಏರಿಸಬೇಕು.

ಕೀಟ ಮತ್ತು ರೋಗ

ತಿಂಗಳೊಪ್ಪತ್ತಿನಲ್ಲಿ ಸೊಪ್ಪು ಸಹಿತ ತಿನ್ನುವ ಬೆಳೆಗೆ ವಿಷದ ಔಷಧಿ ಸಿಂಪಡಿಸುವುದು ಸರಿಯಲ್ಲ. ಅದರ ಅಗತ್ಯವೂ ಕೈತೋಟದಲ್ಲಿ ಬರುವುದಿಲ್ಲ.

ಎಳೆಯ ಎಲೆಗಳಲ್ಲಿ ಸೂಜಿಯಿಂದ ಚುಚ್ಚಿದಂತೆ ಸಣ್ಣ ರಂಧ್ರಗಳು ಕಂಡರೆ, ಮುಟ್ಟಿದೊಡನೆ ನೆಗೆಯುವ ಸಣ್ಣ ದುಂಬಿಗಳ ಕೆಲಸವೆಂದು ತಿಳಿಯಬೇಕು. ಬೆಳಗಿನ ಇಬ್ಬನಿ ಇರುವಾಗ ಜರಡಿ ಹಿಡಿದ ಬೂದಿಯನ್ನು ಎಲೆಗಳ ಮೇಲೆ ಉದುರಿಸಿದರೆ ಹಾವಳಿ ಕಡಿಮೆಯಾಗುತ್ತದೆ. ಗರಗಸ ನೊಣದ ಕಪ್ಪು ಮರಿಹುಳುಗಳನ್ನು ಬೆಳಿಗ್ಗೆ ಕೈಯಿಂದ ಆಯ್ದು ಸಾಬೂನು ನೀರಿಗೆ ಹಾಕಬೇಕು. ಚಳಿಗಾಲದ ಕೊನೆಗೆ ಎಲೆಯ ಅಡಿಯಲ್ಲಿ ಗಿಡಹೇನು ಮುತ್ತುವುದುಂಟು. ಜೋರಾಗಿ ನೀರು ಹಾಯಿಸಿ ತೊಳೆಯುವುದು, ಅದಕ್ಕೂ ಬಗ್ಗದಿದ್ದರೆ ಒಂದು ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ ಮತ್ತು ಸ್ವಲ್ಪ ಸಾಬೂನು ಬೆರೆಸಿ ಎಲೆಯ ಅಡಿಗೆ ಸಿಂಪಡಿಸುವುದು ಪರಿಹಾರ.

ಶನಿವಾರಸಂತೆ ಸುತ್ತಿನ ಕಾಫಿ ತೋಟಗಳಿಗೆ ಕಾಟ ಕೊಟ್ಟಿರುವ ಆಫ್ರಿಕಾದ ದೈತ್ಯ ಬಸವನಹುಳು ತರಕಾರಿ ಮಡಿಯನ್ನೂ ಬಿಡುವುದಿಲ್ಲ. ಒಂದೇ ರಾತ್ರಿಯಲ್ಲಿ ಸಾಲು ಸಾಲು ಸಸಿಗಳನ್ನು ಮುಗಿಸಬಲ್ಲದು. ಮಡಿಯ ಪಕ್ಕದಲ್ಲಿ ಒದ್ದೆ ಗೋಣಿಚೀಲ ಹಾಸಿ, ಅದರಡಿ ಪರಂಗಿ ಎಲೆಗಳನ್ನಿಟ್ಟರೆ ಹುಳುಗಳು ಅಲ್ಲಿ ಸೇರುತ್ತವೆ. ಬೆಳಿಗ್ಗೆ ಆಯ್ದು ಗಾಢ ಉಪ್ಪುನೀರಿಗೆ ಹಾಕಿ ಕೊಂದು, ಗುಂಡಿ ತೋಡಿ ಹೂಳಬೇಕು. ಮಡಿಯ ಮಣ್ಣಿಗೆ ಮಾತ್ರ ಉಪ್ಪು ಹಾಕಬಾರದು. ಈ ಹುಳುವಿನ ಮೈಯಲ್ಲಿ ಮನುಷ್ಯರಿಗೆ ರೋಗ ತರುವ ಜಂತು ಇರಬಹುದಾದುದರಿಂದ ಕೈಗವಸಿಲ್ಲದೆ ಮುಟ್ಟಬಾರದು. ಹುಳುಗಳ ಕಾಟವಿರುವ ಮಡಿಯ ಸೊಪ್ಪನ್ನು ಬೇಯಿಸಿಯೇ ತಿನ್ನಬೇಕು, ಗೆಡ್ಡೆಯನ್ನು ಚೆನ್ನಾಗಿ ಉಜ್ಜಿ ತೊಳೆದು ಸಿಪ್ಪೆ ತೆಗೆದು ಬಳಸಬೇಕು.

ಎಲೆಯ ಅಡಿಯಲ್ಲಿ ಸುಣ್ಣದ ಚುಕ್ಕೆಯಂತಹ ಗುಳ್ಳೆಗಳು ಕಾಣುವುದು ಬಿಳಿ ತುಕ್ಕು ರೋಗ. ಅಂತಹ ಎಲೆಗಳನ್ನು ಕಿತ್ತು ಸುಡಬೇಕು. ಅಂತರ ಸರಿಯಾಗಿದ್ದು ಗಾಳಿಯಾಡುವ ಮಡಿಯಲ್ಲಿ ಈ ರೋಗ ಕಡಿಮೆ.

ಕೊಯ್ಲು ಮತ್ತು ಬಳಕೆ

ಬಿತ್ತಿದ ದಿನಾಂಕವನ್ನು ಗೂಟಕ್ಕೆ ಬರೆದು ಮಡಿಯಲ್ಲಿ ನೆಟ್ಟಿರಬೇಕು. ಕೆಂಪು ಗುಂಡು ತಳಿಯಲ್ಲಿ 24, 25ನೆಯ ದಿನ ಒಂದೆರಡು ಗೆಡ್ಡೆಗಳ ಹೆಗಲನ್ನು ಕೆದಕಿ ನೋಡಿ, ದೊಡ್ಡ ನೆಲ್ಲಿಕಾಯಿಯ ಗಾತ್ರವಿದ್ದರೆ ಕೀಳಲು ಆರಂಭಿಸಬೇಕು. ಇನ್ನೂ ದಪ್ಪವಾಗಲೆಂದು ಬಿಟ್ಟರೆ ಬೆಂಡಾಗುತ್ತದೆ. ಕಿತ್ತ ಕೂಡಲೇ ಸೊಪ್ಪನ್ನು ಬೇರ್ಪಡಿಸಬೇಕು, ಇಲ್ಲದಿದ್ದರೆ ಎಲೆಯು ಗೆಡ್ಡೆಯ ನೀರನ್ನು ಹೀರಿ ಗೆಡ್ಡೆ ಬಾಡುತ್ತದೆ.

ಬಣ್ಣದ ಮೂಲಂಗಿಯನ್ನು ಬೇಯಿಸಿದರೆ ಬಣ್ಣ ನೀರಿಗೆ ಬಿಟ್ಟು ಗೆಡ್ಡೆ ಪೇಲವವಾಗುತ್ತದೆ. ಹುಳಿಗೆ ಬಿಳಿ ಮೂಲಂಗಿಯೇ ಸಾಕು. ಬಣ್ಣದ್ದನ್ನು ಕೋಸಂಬರಿಗೂ ಮೊಸರು ಬಜ್ಜಿಗೂ ಇಡಬೇಕು. ನಿಂಬೆರಸ ಹಿಂಡಿದರೆ ಬಣ್ಣ ಇನ್ನಷ್ಟು ಕೆಂಪೇರುತ್ತದೆ. ಅಡುಗೆ ಸೋಡ ಸೋಕಿದರೆ ನೀಲಿಗೆ ತಿರುಗುತ್ತದೆ. ಮೂಲಂಗಿಯೆಂದರೆ ಮೂಗು ಮುರಿಯುವ ಮಕ್ಕಳೂ ಕಲ್ಲಂಗಡಿಯಂತಹ ಬಿಲ್ಲೆಗಳನ್ನು ಕಂಡು ತಟ್ಟೆಗೆ ಕೈ ಹಾಕಬಹುದು. ಬಿಳಿ ತಿರುಳಿನ ಕೆಂಪು ಗುಂಡು ತಳಿಗಳ ಸಿಪ್ಪೆ ಹೆರೆದರೆ ಬಣ್ಣವೆಲ್ಲ ಹೋಗುತ್ತದೆ. ಬಸವನಹುಳುವಿನ ಕಾಟವಿಲ್ಲದ ಮಡಿಯದಾದರೆ ಚೆನ್ನಾಗಿ ತೊಳೆದು ಸಿಪ್ಪೆ ಸಹಿತ ಹೆಚ್ಚಬಹುದು.

ಮಾರಾಟದ ಬಗ್ಗೆ ಒಂದು ಮಾತು. ಹಳ್ಳಿಯ ಸಂತೆಗಳಲ್ಲಿ ಗಿರಾಕಿಗಳು ಕೇಳುವುದು ಬಿಳಿ ಮೂಲಂಗಿಯನ್ನೇ. ಕೆಂಪು ಗುಂಡು ಮೂಲಂಗಿ ಕಿತ್ತ ನಂತರ ಹೆಚ್ಚು ದಿನ ತಾಳುವುದೂ ಇಲ್ಲ. ಕೊಳ್ಳುವವರು ಗೊತ್ತಾಗುವ ಮೊದಲೇ ಹೊಲಕ್ಕೆ ಇದನ್ನು ಬಿತ್ತುವುದು ವಿವೇಕವಲ್ಲ. ಮನೆಗೆ ಮಿಕ್ಕ ನಾಲ್ಕು ಕಟ್ಟುಗಳನ್ನು ಸಂತೆಗೆ ಒಯ್ದು ಜನರ ರುಚಿಯನ್ನು ತಿಳಿದುಕೊಳ್ಳುವುದರಿಂದ ನಷ್ಟವಿಲ್ಲ.

ಬೀಜ ಹಿಡಿಯುವ ವಿಚಾರ

ಬಣ್ಣದ ಮೂಲಂಗಿಯ ಬೀಜವನ್ನು ಮನೆಯಲ್ಲೇ ಹಿಡಿಯಬಹುದೇ ಎಂಬುದು ರೈತರು ಕೇಳುವ ಪ್ರಶ್ನೆ. ಮೂಲಂಗಿಯ ಹೂವು ತನ್ನದೇ ಪರಾಗದಿಂದ ಸಾಮಾನ್ಯವಾಗಿ ಕಾಯಿ ಕಟ್ಟುವುದಿಲ್ಲ, ಜೇನುನೊಣಗಳು ಬೇರೆ ಗಿಡದಿಂದ ಪರಾಗ ತರಬೇಕು. ಜೇನಿಗೆ ಹೆಸರಾದ ಕೊಡಗಿನಲ್ಲಿ ನೊಣಗಳಿಗೆ ಕೊರತೆಯಿಲ್ಲ. ಆದರೆ ನೊಣಕ್ಕೆ ಕೆಂಪು, ಬಿಳಿ ಮೂಲಂಗಿಗಳ ಭೇದವಿಲ್ಲ. ಪಕ್ಕದ ಹಿತ್ತಲಿನಲ್ಲಿ ಬಿಳಿ ಮೂಲಂಗಿ ಹೂ ಬಿಟ್ಟಿದ್ದರೆ ಮರುವರ್ಷ ಕೆಂಪು ಗೆಡ್ಡೆಗಳ ನಡುವೆ ಮಾಸಲು ಗುಲಾಬಿ, ಬಿಳಿ, ಉದ್ದ, ಮೋಟು ಎಲ್ಲವೂ ಬರುತ್ತವೆ. ಪ್ರಮಾಣಿತ ಬೀಜೋತ್ಪಾದನೆಯಲ್ಲಿ ಬೇರೆ ಬೇರೆ ತಳಿಗಳ ನಡುವೆ 1,000 ಮೀಟರ್ ಅಂತರವಿರಬೇಕೆಂಬ ನಿಯಮ ಇದಕ್ಕಾಗಿಯೇ ಇದೆ.

ನೆರೆಹೊರೆಯವರು ಮಾತಾಡಿಕೊಂಡು ಒಂದು ವರ್ಷ ಒಂದೇ ತಳಿಯನ್ನು ಹೂವಿಗೆ ಬಿಡುವುದಾದರೆ ಪ್ರಯತ್ನಿಸಬಹುದು. ಬಣ್ಣ, ಆಕಾರಗಳಲ್ಲಿ ಉತ್ತಮವಾದ ಹತ್ತು ಹದಿನೈದು ಗೆಡ್ಡೆಗಳನ್ನು ಕಿತ್ತು ಆರಿಸಿ, ಎಲೆಗಳನ್ನು ಮೇಲ್ಭಾಗದಲ್ಲಿ ಕತ್ತರಿಸಿ, ಗೆಡ್ಡೆಯ ಕೆಳತುದಿಯನ್ನು ಸ್ವಲ್ಪ ಕೊಯ್ದು, ಎರಡು ಅಡಿ ಅಂತರದಲ್ಲಿ ಮತ್ತೆ ನೆಡಬೇಕು. ಇತರ ಮೂಲಂಗಿಗಳ ಹೂದಂಟುಗಳನ್ನು ಅರಳುವ ಮೊದಲೇ ತೆಗೆಯಬೇಕು. ಯೂರೋಪಿನ ಮೂಲದ ಕೆಂಪು ಗುಂಡು ತಳಿಗಳು ಬೀಜ ಕಟ್ಟಲು ಬೆಟ್ಟ ಪ್ರದೇಶಗಳ ಹೆಚ್ಚಿನ ಚಳಿಯನ್ನು ಬಯಸುವುದರಿಂದ ಅವುಗಳ ಬೀಜವನ್ನು ಕೊಂಡು ತರುವುದೇ ಸರಿ. ಹೈಬ್ರಿಡ್ ಎಂದು ಬರೆದಿರುವ ಪೊಟ್ಟಣದ ಬೆಳೆಯಿಂದಲೂ ಬೀಜ ಹಿಡಿಯಬಾರದು. ಬೀಜಕ್ಕೆಂದಲ್ಲದೆ ತಾನಾಗಿ ಹೂವಾದ ಗಿಡಗಳ ಎಳೆಯ ಹಸಿರು ಕಾಯಿಗಳನ್ನು ಪಲ್ಯ ಮಾಡಬಹುದು.

ಉಳಿದ ಬೀಜವನ್ನು ಮಳೆಗಾಲದ ತೇವ ಸೋಕದಂತೆ ಬಿಗಿ ಮುಚ್ಚಳದ ಸೀಸೆಯಲ್ಲಿ, ಚೆನ್ನಾಗಿ ಒಣಗಿದ ಇದ್ದಲಿನ ಚೂರುಗಳೊಡನೆ ಇಡಬೇಕು. ಮರುವರ್ಷ ಬಿತ್ತುವ ಮೊದಲು ಇಪ್ಪತ್ತು ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಮೊಳಕೆ ಎಣಿಸಬೇಕು. ಹದಿನಾಲ್ಕಕ್ಕಿಂತ ಕಡಿಮೆ ಮೊಳೆತರೆ ಹೊಸ ಬೀಜ ತರುವುದು ಉತ್ತಮ.

ವಿಸ್ತರಣಾ ಕಾರ್ಯಕರ್ತರಿಗೆ

ಕೈತೋಟದ ಬೀಜದ ಚೀಲಗಳನ್ನು ಮುಂಗಾರಿನ ಆರಂಭದಲ್ಲಿ ಹಂಚುವುದಾದರೆ ಅದರಲ್ಲಿ ಬಣ್ಣದ ಮೂಲಂಗಿಯ ಪೊಟ್ಟಣವನ್ನು ಸೇರಿಸದಿರುವುದು ಒಳ್ಳೆಯದು. ಅದನ್ನು ಅಕ್ಟೋಬರಿನಲ್ಲಿ ಪ್ರತ್ಯೇಕವಾಗಿ ಕೊಡಬೇಕು. ಹಳ್ಳಿಯ ಶಾಲೆಯ ಆವರಣದಲ್ಲಿ ಎರಡು ಮಡಿಗಳನ್ನು ಒಂದೇ ದಿನ ಬಿತ್ತಿಸಿ, ಒಂದರಲ್ಲಿ ಸಸಿ ತೆಳುಗೊಳಿಸಿ, ಮತ್ತೊಂದನ್ನು ಹಾಗೆಯೇ ಬಿಟ್ಟು, ಮೂವತ್ತನೆಯ ದಿನ ಎರಡನ್ನೂ ಊರಿನವರ ಎದುರಿಗೆ ಕಿತ್ತು ತೋರಿಸಿದರೆ ವ್ಯತ್ಯಾಸ ಎಲ್ಲರ ಕಣ್ಣಿಗೆ ಬೀಳುತ್ತದೆ.

ನೆನಪಿಡಬೇಕಾದ ಅಂಶಗಳು

1. ತುಲಾ ಸಂಕ್ರಮಣದಿಂದ ಮಕರ ಸಂಕ್ರಾಂತಿಯವರೆಗೆ ಮಾತ್ರ ಬಿತ್ತನೆ. ಎರಡು ತಿಂಗಳ ತಳಿಗಳಾದರೆ ನವೆಂಬರ್ ಒಳಗೆ.

2. ಬಿಸಿಲಿನ ಜಾಗ, ಕಲ್ಲಿಲ್ಲದ ಸಡಿಲ ಮಣ್ಣು, ಏರುಮಡಿ.

3. ಮಣ್ಣು ಪರೀಕ್ಷಿಸಿ ಸುಣ್ಣ. ಕಳಿತ ಗೊಬ್ಬರ ಮಾತ್ರ, ಯೂರಿಯಾ ಮಿತವಾಗಿ.

4. ಮೊಳಕೆಯಾದ ವಾರದೊಳಗೆ ಒತ್ತು ಸಸಿಗಳನ್ನು ಕೀಳುವುದು.

5. ಒಂದೇ ಸಮನೆ ತೇವ. ಹದಕ್ಕೆ ಬಂದ ವಾರದೊಳಗೆ ಕೊಯ್ಲು.

ಒಂದು ಮಡಿ ನೆಲ, ಐದಾರು ಗ್ರಾಂ ಬೀಜ, ಒಂದು ತಿಂಗಳ ಕಾಲ. ಇಷ್ಟು ಚಿಕ್ಕ ಪ್ರಯೋಗವನ್ನು ಯಾವ ರೈತ ಕುಟುಂಬವೂ ಮಾಡಿ ನೋಡಬಹುದು. ಹಿಂದೆ ಬಿತ್ತಿ ನಿರಾಶರಾದವರು ಈ ಬಾರಿ ಮಳೆ ನಿಂತ ಮೇಲೆ ಮತ್ತೊಮ್ಮೆ ಬಿತ್ತಿ ನೋಡಬೇಕು.